ಪುಟ ಮೂವತ್ತೊಂದರ ಬೂದು

ಅಂಗೈಯಗಲದ ಪತ್ರಿಕೆ ಅದು.
ಬೇಕೆಂತಲೇ ಅಷ್ಟು ಚಿಕ್ಕದಾಗಿ ಅಚ್ಚು ಹಾಕುತ್ತಿದ್ದರಂತೆ,
ರೇಖಾಗಣಿತದ ಪುಸ್ತಕದೊಳಗೆ ಅಡಗಲೆಂದು.
ಹ್ರಾಂಟ್ ಮಾವ ಹಾಗೇ ಓದಿದ, ಹಾಗೇ ಫೇಲಾದ.
ತ್ರಿಕೋನ ಅವನಿಗೆ ಅರ್ಥವಾದದ್ದು
ಮೂವತ್ತೆರಡರ ಫೋರ್ಡಿನ ಕಂಬಗಳನ್ನು
ಮೂರಂಗುಲ ಕೊಯ್ದು, ಚಾವಣಿ ಇಳಿಸಿ ಮತ್ತೆ ಬೆಸೆಯುವಾಗ,
ಮೇಲಿನ ಕಂಬ ಕೆಳಗಿನದಕ್ಕೆ ಕೂಡದೆ
ಅವನು ಗ್ಯಾರೇಜಿನ ನೆಲದಲ್ಲಿ ತಲೆ ಹಿಡಿದು ಕೂತಾಗ.

ಫೌಲರಿನಲ್ಲಿ ಆಗ ಅದು ಸಿಗುತ್ತಿದ್ದದ್ದು ಒಂದೇ ಕಡೆ,
ಬೆಡ್ರೋಸನ ಔಷಧಿ ಅಂಗಡಿ. ತಿಂಗಳಿಗೆ ಮೂರೇ ಪ್ರತಿ.
ದ್ರಾಕ್ಷಿ ಕೊಯ್ದು ಒಣಗಲು ಕಾಗದದ ಮೇಲೆ ಹರವಿದರೆ
ಹಾಳೆಗೆ ಐದು ಸೆಂಟು.
ಒಂದು ಸಂಚಿಕೆ ಅಂದರೆ ಐದು ಹಾಳೆ,
ಸೆಪ್ಟೆಂಬರಿನ ಬಿಸಿಲಲ್ಲಿ ಮೊಣಕಾಲೂರಿ, ಕಣಜದ ಹುಳ ಓಡಿಸುತ್ತ.

ಈಗ ಹನ್ನೊಂದು ಪೆಟ್ಟಿಗೆ ನನ್ನಲ್ಲಿವೆ.
ಮೂಸಿದರೆ ಗ್ರೀಸು, ತೋಟದ ಗಂಧಕ, ಇಲಿ.
ಅಂಚಿನಲ್ಲೆಲ್ಲ ಪೆನ್ಸಿಲಿನ ಜಗಳ:
"ಸುಳ್ಳು. ಈ ಸ್ಪ್ರಿಂಗು ತಡೆಯಲ್ಲ."
"ಅಳತೆ ತಪ್ಪು. ಮುಕ್ಕಾಲಂಗುಲ."
ಒಂದು ಕಡೆ ಅರ್ಮೇನಿಯನ್ ಲಿಪಿಯಲ್ಲಿ, ಬರೀ "ವಾಯ್!"

ಐವತ್ತೇಳರ ಮೇ ತಿಂಗಳು, ಪುಟ ಮೂವತ್ತೊಂದು:
ಅವನದೇ ಕಾರು.
ಅರ್ಧ ಪುಟ. ಹಿಂದೆ ನೀರಿನ ಟ್ಯಾಂಕು, ಯಾವುದೋ ನಾಯಿಯ ಬಾಲ.
ಹೆಸರು ತಪ್ಪಾಗಿ ಅಚ್ಚಾಗಿದೆ: ಹ್ಯಾಂಕ್.
ಕೆಳಗೆ ಒಂದು ಸಾಲು:
"ಬಣ್ಣ ಮಾಲೀಕನೇ ಕಲಸಿದ್ದು; ಏನೇನು ಬೆರೆಸಿದೆ ಎಂದು ಹೇಳಲೊಲ್ಲ."
ಚಿತ್ರ ಕಪ್ಪುಬಿಳುಪು.

ನಡುವೆ ಕೊಂಡವನು ಯಾರೋ
ಲೋಹ ಕಾಣುವ ತನಕ ಉಜ್ಜಿ ಹಳದಿ ಬಳಿದಿದ್ದ.
ನಾನು ಆ ಹಳದಿಯನ್ನೂ ಕೆರೆದೆ, ಪ್ರೈಮರು ಹೊಡೆದೆ,
ಆಮೇಲೆ ಎರಡು ವರ್ಷ
ಈ ಅರ್ಧ ಪುಟದ ಬೂದುಬಣ್ಣವನ್ನು ನೋಡುತ್ತ ಕೂತೆ.
ಬೂದಿನೊಳಗೆ ಯಾವುದು ಬೇಕಾದರೂ ಇರಬಹುದು.

ಊರ ಮುದುಕರನ್ನು ಕೇಳಿದೆ.
ಗ್ಯಾರಬೆಡ್ ಅಂದ: ದ್ರಾಕ್ಷಿ. ಮಾಗಿದ್ದಲ್ಲ,
ಮಾಗಲು ಇನ್ನೆರಡು ವಾರ ಇರುವಾಗಿನದು.
ಲಾಲೋ ಸೆಪುಲ್ವೆದಾ ಆಣೆ ಹಾಕಿದ: ಹಸಿರು!
ತೊಂಬತ್ತೊಂಬತ್ತನೇ ಹೆದ್ದಾರಿಯಲ್ಲಿ ನಾನೆಷ್ಟು ಸಲ ಓಡಿಸಿಲ್ಲ,
ಆ ಕಾರಿನ ಬೆನ್ನು ಬಿಟ್ಟು ಬೇರೇನೂ ಕಂಡವನಲ್ಲ.
ಮೂರನೆಯವನು ತಲೆ ತುರಿಸಿಕೊಂಡ:
ನನಗೆ ಬಣ್ಣಗುರುಡು. ಆದರೆ ಚೆನ್ನಾಗಿತ್ತು.

ಮೊನ್ನೆ ಪೆಟ್ಟಿಗೆಯ ತಳದಲ್ಲಿ
ರಟ್ಟಿಲ್ಲದ ಒಂದು ಸಂಚಿಕೆ, ಒಣಗಿದ ಟೇಪಿನ ಗುರುತು.
ಗಾಜಿಗೆ ತಾಗದಿರಲೆಂದು
ಕಿಟಕಿಗೆ ಅಂಟಿಸಿದ್ದ ಪುಟಗಳು;
ಅಂಚಿನುದ್ದಕ್ಕೂ ಬೆರಳಗಲ, ತೆಳ್ಳಗೆ, ಮಾಸಿ,
ಒಂದು ಬಣ್ಣ.

ವೆರ್ಝೀನ್ ಅತ್ತೆಗೆ ಎಂಬತ್ತೆಂಟು.
ಕನ್ನಡಕ ಹಣೆಗೇರಿಸಿ, ಪುಟವನ್ನು ದೂರ ಹಿಡಿದು,
"ಇದಾ? ಇದು ನನ್ನ ಕುರ್ಚಿ ಕಣೇ," ಅಂದಳು.
"ಡಬ್ಬಿಯ ತಳದಲ್ಲಿ ಒಂದಿಷ್ಟು ಉಳಿದಿತ್ತು. ಸುಮ್ಮನೆ ಯಾಕೆ ಚೆಲ್ಲೋದು?
ಅವನು ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ."

ಯಾವ ಕುರ್ಚಿ? ಅಡಿಗೆಮನೆಯಲ್ಲಿರುವುದು ಒಂದೇ,
ಬಿಳಿಯದು, ಬಿಳಿಯ ಮೇಲೆ ಬಿಳಿ, ಐದಾರು ಪದರ.
ಅವಳು ಕೂತದ್ದೇ ಅದರ ಮೇಲೆ.
"ಏಳು ಅತ್ತೆ."
"ಕಾಫಿ ಮುಗಿಯಲಿ."

ಮುಗಿಯಿತು. ಮಗುಚಿದೆ.
ಕೂರುವ ಹಲಗೆಯ ಅಡಿಯಲ್ಲಿ,
ಯಾರೂ ಬಿಳಿ ಬಳಿಯುವ ಗೋಜಿಗೆ ಹೋಗದ ಜಾಗದಲ್ಲಿ,
ಅಷ್ಟೂ ವರ್ಷ ಬಿಸಿಲು ಕಾಣದೆ, ಅವಳ ಭಾರ ಹೊತ್ತುಕೊಂಡು—

ಗ್ಯಾರಬೆಡ್ ತಪ್ಪು. ಲಾಲೋನೂ ತಪ್ಪು.
ಚೆನ್ನಾಗಿತ್ತು ಅಂದವನೊಬ್ಬನೇ ಸರಿ.

ಯಾವುದು ಅಂತ ಕೇಳಬೇಡಿ.
ಕುರ್ಚಿ ನೆಟ್ಟಗಿಟ್ಟೆ, ಅತ್ತೆ ಕೂತಳು.
ಪುಟ ಮೂವತ್ತೊಂದು ತೆರೆದು, ಪೆನ್ಸಿಲು ಹಿಡಿದು,
ಹ್ಯಾಂಕ್ ಹೊಡೆದು ಹ್ರಾಂಟ್ ಅಂತ ಬರೆದೆ.
ಕೆಳಗಿನ ಸಾಲನ್ನು ಮುಟ್ಟಲಿಲ್ಲ.